ಮುಚ್ಚಳದ ಮೇಲಿನ ಭಂಡಾರ

ಅನಂತಪುರ (ತಾ. ಅಥಣಿ)
ಬುಧವಾರ, 24 ಸೆಪ್ಟೆಂಬರ್ 2025

ಪ್ರೀತಿಯ ತಮ್ಮ ಮಲ್ಲೇಶ,

ಮೊದಲು ನಿನ್ನ ಕ್ಷೇಮ. ಹಿಮಾಚಲದಲ್ಲಿ ಆಗಲೇ ಚಳಿ ಇಳಿಯತೊಡಗಿದೆ ಎಂದು ನೀನು ನಿನ್ನ ಹೆಂಡತಿ ಅಕ್ಕುತಾಯಿಗೆ ಹೇಳಿದ್ದು, ಅವಳು ಅವ್ವನಿಗೆ ಹೇಳಿದ್ದು, ಅವ್ವ ನನಗೆ ಹೇಳಿದ್ದು; ನಮ್ಮ ಮನೆಯಲ್ಲಿ ಸುದ್ದಿ ಹೀಗೆ ಸುತ್ತು ಹಾಕಿಯೇ ಬರುತ್ತದೆ. ನಿನ್ನ ಹಿಮ್ಮಡಿಯ ಬಿರುಕು ಹೇಗಿದೆ? ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿಕೊಂಡು ಮಲಗಬೇಕಂತೆ. ನಾನು ಪೆನ್ನು ಹಿಡಿದದ್ದು ಕಂಡು ಅವ್ವ ಹೊರಗಿನಿಂದಲೇ, "ಡೀಸಲ್ ಕೈಲೇ ಊಟಕ್ಕ ಕುಂಡ್ರತಾನ ಅಂವಾ, ಸಾಬೂನ ಹಚ್ಚಿ ತೊಳಕೋ ಅಂತ ಬರಿ" ಎಂದು ಕೂಗಿದಳು. ಬರೆದಿದ್ದೇನೆ. ಅವ್ವನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಬಾಯಿ ಹತೋಟಿಯಲ್ಲಿಲ್ಲ. ನಿನ್ನ ಮಗಳು ಸೌಂದರ್ಯಾ ಚಿಕ್ಕೋಡಿಯಲ್ಲಿ ನಮ್ಮ ಮನೆಯಲ್ಲಿದ್ದು ಚೆನ್ನಾಗಿ ಓದುತ್ತಿದ್ದಾಳೆ. ಈ ವರ್ಷ ನನ್ನದೇ ವಿಜ್ಞಾನದ ತರಗತಿಯಲ್ಲಿ ಕೂರುತ್ತಾಳೆ, ದೊಡ್ಡಪ್ಪ ಎಂಬ ಸಲಿಗೆ ತೋರಿಸದೆ ಉಳಿದವರಂತೆಯೇ ನನ್ನ ಪಾಠಕ್ಕೆ ಆಕಳಿಸುತ್ತಾಳೆ. ಕರಿ ಎಮ್ಮೆ ಈದಿದೆ, ಹೆಣ್ಣು ಕರು. ಪಡದಲ್ಲಿ ದ್ರಾಕ್ಷಿ ಬಳ್ಳಿಯ ಕಡ್ಡಿಗಳು ಚೆನ್ನಾಗಿ ಬಲಿತಿವೆ.

ಫೋನು ಇರುವಾಗ ಪತ್ರ ಏಕೆ ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ನಾವಿಬ್ಬರೂ "ಊಟ ಆತೇನು" ಎಂಬಲ್ಲಿಂದ ಮುಂದೆ ಹೋದದ್ದು ನನಗೆ ನೆನಪಿಲ್ಲ. ನೀನು ಸಿಗ್ನಲ್ ಸಿಗುವ ದಿಬ್ಬದ ಮೇಲೆ ಗಾಳಿಯಲ್ಲಿ ನಿಂತಿರುತ್ತೀ, ನಾನು ಚಿಕ್ಕೋಡಿಯ ಮನೆಯ ಪಡಸಾಲೆಯಲ್ಲಿ ಗೋಡೆ ನೋಡುತ್ತಿರುತ್ತೇನೆ. ಹೇಳಬೇಕಾದ್ದನ್ನು ಹೇಳಲು ಎದುರಿನವನ ಉಸಿರು ಕೇಳಿಸದ ಜಾಗ ಬೇಕು ಎನ್ನುವ ಜಾತಿಯವನು ನಾನು. ಅದು ಒಳ್ಳೆಯ ಗುಣವೇನಲ್ಲ.

ವಿಷಯ ನಿನ್ನ ಮಷಿನಿನದು. ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ಏಕೆಂದರೆ ನಾನು ಅದನ್ನು ಹೇಗೆ ಕಂಡೆ ಎಂಬುದು ನಿನಗೆ ಗೊತ್ತಿಲ್ಲ. ನಾಲ್ಕು ವರ್ಷದ ಹಿಂದೆ, ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟಣಿಯ ಮುಂಚೆ, ನೀನು ತಾಸಗಾಂವದ ಕಡೆಯಿಂದ ಆ ಹಳೆಯ ಡೀಸೆಲ್ ಚಿಪ್ಪರನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಬಂದೆ. ಊರಿನವರೆಲ್ಲ ಬಳ್ಳಿ ಕತ್ತರಿಸಿದ ಕಡ್ಡಿಯನ್ನು ಬದುವಿಗೆ ಒಟ್ಟಿ ಬೆಂಕಿ ಹಚ್ಚುತ್ತಿದ್ದರು. ನೀನೊಬ್ಬ ಅದನ್ನು ಮಷಿನಿಗೆ ಕೊಟ್ಟು ಚೂರು ಮಾಡಿ, ಅದೇ ಬಳ್ಳಿಯ ಬುಡಕ್ಕೆ ಹಾಸಿದೆ. "ಬಳ್ಳಿದು ಬಳ್ಳಿಗೇ ಹೋಗಲಿ ಅಣ್ಣಾ, ಹೊಗಿ ಯಾಕ ಮಾಡೂದು?" ಅಂದಿದ್ದೆ. ನಾನು ತಲೆಯಾಡಿಸಿ ಪೇಪರು ಓದಲು ಹೋದೆ. ಎರಡು ಚಾಟಣಿ ಮಷಿನು ಚೆನ್ನಾಗಿಯೇ ನಡೆಯಿತು. ಮೂರನೆಯದಕ್ಕೆ, 2023ರ ಅಕ್ಟೋಬರಿನಲ್ಲಿ, ಅದು ನಿಂತು ನಿಂತು ಹೊರಡತೊಡಗಿತು. ನಮ್ಮ ಪಡದಲ್ಲಿ ಹೇಗೋ ಕೆಲಸ ಮುಗಿಸಿತು. ಅದೇ ಧೈರ್ಯದ ಮೇಲೆ ನೀನು ಭೀಮಸಿಯ ಪಡಕ್ಕೆ ಒಯ್ದೆ. ಅಲ್ಲಿ ಇಪ್ಪತ್ತು ಚಾಟಣಿ ಆಳುಗಳ ಎದುರಿಗೆ ಅದು ಹತ್ತು ಹತ್ತು ನಿಮಿಷಕ್ಕೆ ನಿಂತಿತು. ನೀನು ಹ್ಯಾಂಡಲ್ ಹೊಡೆದು ಹೊಡೆದು ಅಂಗೈ ಸುಲಿದುಕೊಂಡೆ. ಸಂಜೆಯ ಹೊತ್ತಿಗೆ ಅದಕ್ಕೆ 'ಚಹಾ ಮಷಿನ್' ಎಂದು ಹೆಸರು ಬಿದ್ದಿತ್ತು: ಎರಡು ಹೆಜ್ಜೆ ಕೆಲಸ, ಆಮೇಲೆ ಚಹಾಕ್ಕೆ ರಜೆ. "ಮಲ್ಲ್ಯಾ, ನಿನ್ನ ಮಷಿನ್ ಕಪ್ ಬಸಿ ತೊಳದ ಬಂತೇನೋ?" ಎಂದು ಭೀಮಸಿ ಎಲ್ಲರ ನಡುವೆ ಕೇಳಿದ. ನೀನೂ ನಕ್ಕೆ. ಆ ನಗು ನನಗೆ ನೆನಪಿದೆ. ಮಷಿನನ್ನು ಕೊಟ್ಟಿಗೆಯ ಪಕ್ಕದ ತಗಡಿನ ಪತ್ರಾಸಿನ ಕೆಳಗೆ ನಿಲ್ಲಿಸಿ, ಸಂಕ್ರಾಂತಿ ಮುಗಿಸಿಕೊಂಡು ಹಿಮಾಚಲದ ಸುರಂಗದ ಕೆಲಸಕ್ಕೆ ಹೋದೆ. ಅಲ್ಲಿ ನಿನ್ನ ಕೈಯಲ್ಲಿ ಮನೆಯಷ್ಟು ದೊಡ್ಡ ಡೀಸೆಲ್ ಜನರೇಟರುಗಳು ಹಗಲು ರಾತ್ರಿ ಓಡುತ್ತವೆ ಎಂದು ಕೇಳಿದಾಗಲೆಲ್ಲ ನನಗೆ ಈ ಪತ್ರಾಸಿನ ಕೆಳಗಿನ ಒಂದು ಸಿಲಿಂಡರಿನ ಮಷಿನು ಕಣ್ಣಿಗೆ ಬರುತ್ತಿತ್ತು.

ಈ ಮಳೆಗಾಲದಲ್ಲಿ ಅದನ್ನು ಮಾರೋಣ ಅಂದವನು ನಾನೇ. ನಿನ್ನನ್ನು ಫೋನಿನಲ್ಲಿ ಕೇಳಿದಾಗ "ನಿಮಗ ತಿಳಿದಂಗ ಮಾಡ್ರಿ" ಅಂದೆ. ಇಡೀ ಜೀವನದಲ್ಲಿ ನನ್ನನ್ನು ಏಕವಚನದಲ್ಲೇ ಕರೆದವನು ಅಂದು 'ಮಾಡ್ರಿ' ಅಂದಾಗಲೇ ನನಗೆ ಅರ್ಥವಾಗಬೇಕಿತ್ತು. ಅಂಕಲಿಯ ಧರೆಪ್ಪ ಎಂಬವರು ಇಂಜಿನ್ ಮಾತ್ರ ಬಿಚ್ಚಿಕೊಂಡು ಹೊಳೆಯ ಪಂಪಿಗೆ ಹಾಕಿಕೊಳ್ಳುವುದಾಗಿಯೂ, ಕತ್ತರಿಸುವ ಭಾಗವನ್ನು ಗುಜರಿಗೆ ಹಾಕುವುದಾಗಿಯೂ ಒಪ್ಪಿದ್ದರು. ಅವರದು ಒಂದೇ ಷರತ್ತು: "ಮಾಸ್ತರ, ಚಾಲೂ ಮಾಡಿ ತೋರಸ್ರಿ. ಮುಕ್ಕಾಲ ತಾಸ ಓಡಿದ್ರ ಸಾಕು." ಸೋಮವಾರ, ನವರಾತ್ರಿಯ ಮೊದಲ ದಿನ, ಬರುವುದೆಂದು ಹೇಳಿದರು. ಮಾತು ಮುಗಿಸಿ ಒಳಗೆ ಬಂದಾಗ ಅಕ್ಕುತಾಯಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಶನಿವಾರ ನಾನು ಶಾಲೆ ಮುಗಿಸಿ ರಜೆಗೆ ಊರಿಗೆ ಬರುವ ಹೊತ್ತಿಗೆ ಭರಮು ಮಿಸ್ತ್ರಿ ಆಗಲೇ ಕೆಲಸಕ್ಕೆ ಕೂತಿದ್ದ. ನಿನ್ನ ಗೆಳೆಯನ ಕೈಯನ್ನು ಮೊದಲ ಸಲ ಗಮನವಿಟ್ಟು ನೋಡಿದೆ. ಅವನ ನಾಲಿಗೆ ಒಂದು ಕಡೆ ಓಡುತ್ತದೆ, ಬೆರಳು ಇನ್ನೊಂದು ಕಡೆ. ಮೊದಲು ಬೆಲ್ಟ್ ಬಿಡಿಸಿದ: ಕತ್ತರಿಸುವ ಡ್ರಮ್ಮಿನಲ್ಲಿ ಎರಡು ವರ್ಷದ ಹಿಂದಿನ ಕಡ್ಡಿಯ ಚೂರು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು, ಆ ಭಾರ ಇಂಜಿನಿನ ಮೇಲೆ ಬೀಳಬಾರದೆಂದು. ಟಾಕಿಯ ಡೀಸೆಲ್ ಸೋರಿಸಿದಾಗ ಅದು ಕಷಾಯದ ಬಣ್ಣಕ್ಕೆ ತಿರುಗಿ ಹಳೆಯ ವಾರ್ನಿಶಿನಂತೆ ನಾತ ಹೊಡೆಯಿತು. ತಳದಲ್ಲಿ ಒಂದು ಬಟ್ಟಲು ನೀರಿತ್ತು. "ಟಾಕಿ ಅರ್ಧ ಖಾಲಿ ಇದ್ರ ಒಳಗಿನ ಹವಾಕ್ಕ ಬೆವರ ಬರತೈತ್ರಿ, ಅದ ನೀರು" ಅಂದ. ಫಿಲ್ಟರ್ ಹೊಸದು ಹಾಕಿದ. ಗಾಳಿ ಸೋಸುವ ಡಬ್ಬಿ ತೆರೆದರೆ ಒಳಗೆ ಇಲಿಯೊಂದು ಅರಿವೆಯ ಚೂರು ತುಂಬಿ ಮನೆ ಮಾಡಿತ್ತು. ಅವ್ವ ಬಂದು ನೋಡಿ, ಅದು ಹೋದ ವರ್ಷ ಕಳೆದುಹೋದ ತನ್ನ ಕೌದಿಯ ಅಂಚೆಂದು ಗುರುತು ಹಿಡಿದು ಇಲಿಯ ವಂಶಕ್ಕೆಲ್ಲ ಬೈದಳು. ನಾಜಲ್ ಬಿಚ್ಚಿ, ಡೀಸೆಲ್ ಮಂಜಿನಂತೆ ಸಿಡಿಯುತ್ತದೋ ಹನಿಯಂತೆ ಬೀಳುತ್ತದೋ ನೋಡಿದ, ಮಂಜಿನಂತೆಯೇ ಇತ್ತು. ಪೈಪಿನಲ್ಲಿ ಸಿಕ್ಕ ಗಾಳಿಯನ್ನೆಲ್ಲ ನಟ್ಟು ಸಡಿಲಿಸಿ ಹೊರಗೆ ಬಿಟ್ಟ. ಹ್ಯಾಂಡಲ್ ತಿರುವಿದರೆ ಇಂಜಿನು ಕೈಯನ್ನು ಹಿಂದಕ್ಕೆ ದೂಡುತ್ತಿತ್ತು. "ಒತ್ತಡ ಭರ್ತಿ ಐತಿ, ಮಲ್ಲೇಶ ಪಿಸ್ಟನ್ ಹಾಳ ಮಾಡಿಲ್ಲ" ಅಂದ. ಇದನ್ನು ಅವನು ಸುಮ್ಮನೆ ಹೇಳಿದ್ದು. ಗೋಡೆಯ ಮರೆಯಲ್ಲಿ ಹಿಟ್ಟು ಸಾಣಿಸುತ್ತಿದ್ದ ಒಬ್ಬಳಿಗೆ ಅದು ಸುಮ್ಮನೆ ಕೇಳಿಸಿರಲಾರದು.

ಸಂಜೆ ನಾಲ್ಕಕ್ಕೆ ಅದು ಹೊರಟಿತು. ಮೊದಲು ಬಿಳಿ ಹೊಗೆ, ಆಮೇಲೆ ಕರಿ, ಆಮೇಲೆ ತೆಳ್ಳಗೆ. ಎಮ್ಮೆಗಳು ಕಣ್ಣಿ ಹರಿಯುವಂತೆ ಎದ್ದು ನಿಂತವು. ಅವ್ವ ದೃಷ್ಟಿ ತೆಗೆದಳು. ಭರಮು ಟಾಕಿಯ ಕಂಠದವರೆಗೆ ಹೊಸ ಡೀಸೆಲ್ ತುಂಬಿ, ಮುಚ್ಚಳ ಬಿಗಿದು, "ಹತ್ತ ವರ್ಷ ಕೇಳಬ್ಯಾಡ್ರಿ ಇನ್ನ" ಅಂದ. ಎಂಟನೆಯ ನಿಮಿಷಕ್ಕೆ ಸದ್ದು ತೆಳುವಾಯಿತು, ಎಳೆದುಕೊಂಡಿತು, ನಿಂತಿತು. ಹ್ಯಾಂಡಲ್ ಎಷ್ಟು ಹೊಡೆದರೂ ಇಲ್ಲ. ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟು ನೋಡಿದ; ಡೀಸೆಲ್ ಇತ್ತು. ಮತ್ತೆ ಗಾಳಿ ತೆಗೆದ, ಹೊರಟಿತು. ಮತ್ತೆ ನಿಂತಿತು. ಹೀಗೆ ಮೂರು ಸಲ. ನಾಲ್ಕನೆಯ ಸಲ ಅವನು ನಟ್ಟು ಬಿಚ್ಚುವ ಪಾನಾ ಕೆಳಗೆ ಇಟ್ಟು, ಡೀಸೆಲ್ ಪಂಪೇ ಕೆಟ್ಟಿರಬೇಕು, ಮಿರಜಿಗೆ ಒಯ್ದು ತೋರಿಸಬೇಕು, ಹದಿನೈದು ದಿನದ ಮಾತು ಅಂದ. ಸೋಮವಾರ ಧರೆಪ್ಪ ಬರುತ್ತಾರೆ ಅಂದೆ. "ನಾಳಿಗೆ ಇನ್ನೊಮ್ಮೆ ನೋಡತೇನ್ರಿ. ಆದ್ರ ನಾಳಿಗೆ ಅಮಾಸಿ. ಅಮಾಸಿ ದಿನಾ ನಾ ಕಬ್ಬಿಣ ಬಿಚ್ಚಾಂವಲ್ಲ. ನಿಮ್ಮ ಮಾರಿ ನೋಡಿ ಬರತೇನಿ" ಎಂದು ಹೊರಟ. ಹೊರಡುವ ಮುಂಚೆ ನಿಂತ ಮಷಿನನ್ನು ನೋಡಿ "ಚಹಾಕ್ಕ ಹೋಗೈತಿ" ಅಂದು ತಾನೇ ನಾಲಿಗೆ ಕಚ್ಚಿಕೊಂಡ. ನಾನು ಕೇಳಿಸದವನಂತೆ ಇದ್ದೆ.

ಇಲ್ಲಿ ಒಂದು ಸಂಗತಿ ಬರೆಯಬೇಕು. ನೀನು ಮಷಿನು ತಂದ ದಿನದಿಂದ ಅಕ್ಕುತಾಯಿ ಪ್ರತಿ ಅಮಾವಾಸ್ಯೆಗೆ ಅದಕ್ಕೆ ಪೂಜೆ ಮಾಡುತ್ತಿದ್ದಾಳೆ. ಟ್ರ್ಯಾಕ್ಟರಿಗೆ, ಬೈಕಿಗೆ ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಇವಳು ಚಿಂಚಲಿಯ ಮಾಯವ್ವನ ಅರಿಶಿನದ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ, ಮಷಿನಿನ ಅತಿ ಎತ್ತರದ ಜಾಗಕ್ಕೆ, ಅಂದರೆ ಟಾಕಿಯ ಮುಚ್ಚಳಕ್ಕೆ, ಅಂಗೈಯಿಂದ ಬಳಿಯುತ್ತಾಳೆ. ನೀನು ಊರು ಬಿಟ್ಟ ಮೇಲೂ ಒಂದು ಅಮಾವಾಸ್ಯೆ ತಪ್ಪಿಸಿಲ್ಲ. ನಿಂತ ಮಷಿನಿಗೆ ಏಕೆ ಎಂದು ಅವ್ವ ಒಮ್ಮೆ ಕೇಳಿದ್ದಳಂತೆ. "ನಿಂತದ್ದಕ್ಕ ಬ್ಯಾಡಾದ್ರ ಓಡೂದಕ್ಕ ಯಾಕ ಬೇಕ್ರಿ ಅತ್ತಿ?" ಅಂದಳಂತೆ. ಇಂಥ ಉತ್ತರ ನನಗೆ ಹೊಳೆಯುವುದಿಲ್ಲ. ಹೊಳೆದರೂ ಹೇಳುವ ಹೊತ್ತಿಗೆ ಕೇಳಿದವರು ಎದ್ದು ಹೋಗಿರುತ್ತಾರೆ.

ಅವಳು ಮತ್ತು ನಾನು ಮಾತಾಡುವವರಲ್ಲ ಎಂಬುದು ನಿನಗೆ ಗೊತ್ತು. ತಮ್ಮನ ಹೆಂಡತಿ ಭಾವನ ಎದುರು ನಿಂತು ಬಾಯಿ ತೆರೆಯುವ ರೂಢಿ ನಮ್ಮಲ್ಲಿ ಇಲ್ಲ. ಹದಿನೈದು ವರ್ಷಗಳಲ್ಲಿ ಅವಳ ಮಾತು ನನಗೆ ತಲುಪಿದ್ದೆಲ್ಲ ಅವ್ವನ ಮೂಲಕ, ಎಮ್ಮೆಯ ಮೂಲಕ, ಗೋಡೆಯ ಮೂಲಕ. ನಾನು ಎರಡು ಮೊಳ ದೂರದಲ್ಲಿ ಕೂತಿದ್ದರೂ "ಅತ್ತೀ, ತಾಟ ಹಚ್ಚೇನಿ, ಏಳಬೇಕಂತ ಹೇಳ್ರಿ" ಅನ್ನುತ್ತಾಳೆ. ಅವ್ವ "ಏಳೋ" ಅನ್ನುತ್ತಾಳೆ. ನಾನು ಏಳುತ್ತೇನೆ. ಈ ವ್ಯವಸ್ಥೆ ನನಗೆ ಅನುಕೂಲವಾಗಿಯೇ ಇತ್ತು.

ಭಾನುವಾರ ಬೆಳಿಗ್ಗೆ ಭರಮು ಬಂದ. ಮೊದಲು ಪೂಜೆ ಆಗಲಿ ಎಂದು ಅವ್ವ, ಮೊದಲು ಚಾಲೂ ಆಗಲಿ ಎಂದು ಅವನು. ಅವನೇ ಗೆದ್ದ. ಅಕ್ಕುತಾಯಿ ತಾಟು ಹಿಡಿದುಕೊಂಡು ಅವ್ವನ ಬೆನ್ನ ಹಿಂದೆ ನಿಂತಳು: ಕಾಯಿ, ಊದಿನಕಡ್ಡಿ, ಬಟ್ಟಲಲ್ಲಿ ಕಲಸಿದ ಭಂಡಾರ. ಇಂಜಿನು ಹೊರಟಿತು, ಎಂಟು ನಿಮಿಷಕ್ಕೆ ನಿಂತಿತು. ಭರಮು ಎರಡು ಬೆರಳಿನಿಂದ ಮುಚ್ಚಳ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ತಿರುವಿ ತೆಗೆದು, ಕಡ್ಡಿ ಇಳಿಬಿಟ್ಟು, ಮತ್ತೆ ಮುಚ್ಚಿದ. ಪ್ರತಿ ಸಲವೂ ಹಾಗೇ ಮಾಡಿದ್ದ. ಭಂಡಾರ ಇರುವ ಜಾಗಕ್ಕೆ ಪಾನಾ ತಾಗಿಸುವವನಲ್ಲ ಅವನು. ಎರಡನೆಯ ಸಲ ನಿಂತಿತು. ಮುಟ್ಟಿ ನಮಸ್ಕರಿಸಿ ತೆಗೆದು, ಮುಚ್ಚಿ, ಮತ್ತೆ ಓಡಿಸಿದ, ಮೂರನೆಯ ಸಲವೂ ನಿಂತಿತು. ಆಗ ಅವ್ವನ ಬೆನ್ನ ಹಿಂದಿನಿಂದ ದನಿ: "ಅತ್ತೀ, ಮುಚ್ಚಳಾ ತಗದ ಕೂಡ್ಲೇ ಸುಸ್ ಅಂತೈತಿ. ಕೇಳ್ರಿ. ತಗದ ಮ್ಯಾಲ ಹೊಂಡತೈತಿ, ಮುಚ್ಚಿದ ಮ್ಯಾಲ ನಿಂದರತೈತಿ." ಅವ್ವ ತಿರುಗಿ ಅವಳನ್ನು ನೋಡಿ, "ನನಗ್ಯಾಕ ಹೇಳ್ತಿ? ನಾ ಏನ್ ಮಿಸ್ತ್ರಿ ಏನು? ಅಲ್ಲಿ ಹೇಳ, ಬಾಯಿ ಐತಿಲ್ಲೋ?" ಅಂದಳು.

ಆಮೇಲೆ ಅವಳು ಅವ್ವನನ್ನು ದಾಟಿ ಎರಡು ಹೆಜ್ಜೆ ಮುಂದೆ ಬಂದಳು. "ಭಾವಾರ," ಅಂದಳು. ಸೆರಗು ತಲೆಯ ಮೇಲೆ ಇತ್ತು, ಕಣ್ಣು ನೆಲದ ಮೇಲೆ ಇರಲಿಲ್ಲ. "ಎಣ್ಣಿ ಡಬ್ಬಿಗೆ ಒಂದ ತೂತ ಹೊಡದ್ರ ಎಣ್ಣಿ ಬೀಳಂಗಿಲ್ಲರಿ. ನಾಕ ಹನಿ ಬಿದ್ದ ನಿಂದರತೈತಿ. ಆ ಕಡೆ ಇನ್ನೊಂದ ತೂತ ಹೊಡದ್ರ ಧಾರಿ ಹಿಡಿತೈತಿ. ಈ ಟಾಕಿಗೆ ಎರಡನೇ ತೂತ ಎಲ್ಲೈತಿ?" ಭರಮು ನಕ್ಕ. "ಮುಚ್ಚಳದಾಗ ಇರತೈತ್ರಿ ವೈನಿ, ಸೂಜಿ ಮೊನಿಯಷ್ಟ ಸಣ್ಣದ..." ಎಂದು ಶುರು ಮಾಡಿದವನು ಅಲ್ಲೇ ನಿಂತ. ನಾವು ಮೂವರೂ ಮುಚ್ಚಳ ನೋಡಿದೆವು. ಮುಚ್ಚಳ ಕಾಣುತ್ತಿರಲಿಲ್ಲ. ನಾಲ್ಕು ವರ್ಷದ ಅಮಾವಾಸ್ಯೆಗಳು ಒಂದರ ಮೇಲೊಂದು ಒಣಗಿ, ಧೂಳು ಕುಡಿದು, ಹಳದಿ ಹೆಂಚಿನಂತೆ ಕೂತಿದ್ದವು.

ಅದನ್ನು ಕೆರೆಯಲು ಯಾರ ಕೈಯೂ ಮುಂದೆ ಬರಲಿಲ್ಲ. ಭರಮು ಪಾನಾವನ್ನು ಬೆನ್ನ ಹಿಂದೆ ಹಿಡಿದುಕೊಂಡ. ನಾನು ದೇವರನ್ನು ನಂಬುವವನಲ್ಲ. ನನ್ನ ಕೈಯೂ ಏಳಲಿಲ್ಲ. ಅಕ್ಕುತಾಯಿ ತನ್ನ ಕೈಯ ತಾಟನ್ನು ನೋಡಿದಳು, ಅದರಲ್ಲಿದ್ದ ಹಸಿ ಭಂಡಾರವನ್ನು ನೋಡಿದಳು. ತಾಟನ್ನು ಅವ್ವನ ಕೈಗೆ ಕೊಟ್ಟಳು. ಮುಚ್ಚಳಕ್ಕೆ ಹಣೆ ತಾಗಿಸಿ, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಅಂಚಿನಿಂದ ಎಬ್ಬಿಸಿದಳು. ಹಪ್ಪಳದಂಥ ಒಂದು ಚಕ್ಕೆ ಎದ್ದು ಬಂತು. ಕೆಳಗೆ ತಗಡು, ತಗಡಿನ ನಡುವೆ ಹಳದಿ ತುಂಬಿದ ಒಂದು ಚುಕ್ಕೆ. ಪಿನ್ನಿನ ಮೊನೆ ಅದರಲ್ಲಿ ಇಳಿಯಿತು. ಟಾಕಿ ಉಸಿರು ಎಳೆದುಕೊಂಡಿತು. ಅಷ್ಟು ಸಣ್ಣ ಸದ್ದನ್ನು ಅಂಗಳದಲ್ಲಿದ್ದ ನಾಲ್ಕೂ ಮಂದಿ ಕೇಳಿದೆವು.

ಅವಳು ಹೇಳಿದ ಮುಂದಿನ ಮಾತಿಗಾಗಿಯೇ ಈ ಪತ್ರ. ಯಾರೂ ಕೇಳಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೂ ನಡೆಯುತ್ತಿತ್ತು. ಆ ಚಕ್ಕೆಯನ್ನು ಅಂಗೈಯಲ್ಲಿ ಹಿಡಿದು, ಮಿಸ್ತ್ರಿಯ ಎದುರಿಗೆ, ಅತ್ತೆಯ ಎದುರಿಗೆ, ನನ್ನ ಎದುರಿಗೆ ಅಂದಳು: "ಮಷಿನ್ ಕೆಟ್ಟಿರಲಿಲ್ಲರಿ. ಅವರೂ ತಪ್ಪ ಮಾಡಿರಲಿಲ್ಲ. ನಾನ ಮುಚ್ಚೀನಿ. ನನ್ನ ಕೈಲೇ ಮುಚ್ಚೀನಿ." ಅವ್ವ ಏನಾದರೂ ಅನ್ನುತ್ತಾಳೆಂದು ನಾನು ಕಾಯುತ್ತಿದ್ದೆ. ಅವ್ವ ಅಂದದ್ದು ಇಷ್ಟೇ: "ಮಾಯವ್ವಗ ಬಾಯಿ ಬಿಚ್ಚಿ ಹೇಳೀದಿ, ಆಕಿ ಸಿಟ್ಟಾಗಂಗಿಲ್ಲ. ಹ್ಯಾಂಡಲ್ ಹೊಡಿ ಭರಮ್ಯಾ." ಭರಮು ತನ್ನ ಪಾನಾಗಳ ಚೀಲವನ್ನೇ ಅವಳ ಮುಂದೆ ಚಾಚಿ, "ವೈನಿ, ಇದ ನೀವ ಇಟ್ಕೋರಿ, ನಾ ಎಣ್ಣಿ ಡಬ್ಬಿ ಮಾರತೇನಿ" ಅಂದ. ಅವಳು ಮೊದಲ ಸಲ ನಕ್ಕಳು. ಇಂಜಿನು ಹೊರಟಿತು. ಎಂಟು ನಿಮಿಷ ದಾಟಿತು, ಹದಿನೈದು ದಾಟಿತು, ಅರ್ಧ ತಾಸು ದಾಟಿತು. ಭರಮು ಊಟಕ್ಕೆ ಕೂತರೂ ಅದು ನಿಲ್ಲಲಿಲ್ಲ.

ಇಪ್ಪತ್ತೇಳು ವರ್ಷಗಳಿಂದ ನಾನು ಗಾಳಿಯ ಒತ್ತಡದ ಪಾಠ ಮಾಡುತ್ತಿದ್ದೇನೆ. ಲೋಟದ ತುಂಬ ನೀರು, ಅದರ ಮೇಲೆ ರಟ್ಟು, ತಲೆಕೆಳಗು ಮಾಡಿದರೂ ಬೀಳದ ರಟ್ಟು. ಹಿಂದಿನ ಬೆಂಚಿನವರ ಚಪ್ಪಾಳೆ. ಹೋದ ತಿಂಗಳು ನಿನ್ನ ಮಗಳ ತರಗತಿಗೂ ಅದನ್ನೇ ತೋರಿಸಿದೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ಅವಳ ತಾಯಿ, ಅಡುಗೆಮನೆಯ ಡಬ್ಬಿ ನೋಡಿ ಕಂಡದ್ದನ್ನು ನಾನು ಎರಡು ದಿನ ಎದುರಿಗೆ ನಿಂತೂ ಕಾಣಲಿಲ್ಲ. ಇದರಿಂದ ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಬೇರೆ ಏನೋ. ಶಾಲೆಯಲ್ಲಿ ಒಬ್ಬ ಹುಡುಗ ನಾನು ಕಲಿಸದೇ ಇದ್ದ ದಾರಿಯಿಂದ ಲೆಕ್ಕ ಬಿಡಿಸಿದಾಗ ಆಗುವಂಥದ್ದು. ಅದಕ್ಕೆ ಹೆಮ್ಮೆ ಎಂಬ ಪದವನ್ನು ಬಳಸಲು ನನಗೆ ಸಂಕೋಚ. ಆದರೂ ಬಳಸುತ್ತೇನೆ.

ಆಮೇಲೆ ನಾನು ಮಾಸ್ತರನ ಬುದ್ಧಿಯಿಂದ ಇನ್ನೊಂದು ಲೆಕ್ಕ ಹಾಕಿದೆ, ಅದು ನಿನಗೆ ಸೇರಬೇಕಾದ್ದು. ನಮ್ಮ ಪಡದಲ್ಲಿ ಹೇಗೋ ನಡೆದ ಮಷಿನು ಭೀಮಸಿಯ ಪಡದಲ್ಲಿ ಏಕೆ ಹತ್ತು ನಿಮಿಷಕ್ಕೆ ನಿಂತಿತು? ಮನೆಯ ಕೆಲಸಕ್ಕೆ ನೀನು ಟಾಕಿಯಲ್ಲಿ ಅರ್ಧ ಡೀಸೆಲ್ ಇಟ್ಟುಕೊಂಡೇ ಓಡಿಸುತ್ತಿದ್ದೆ. ಮೇಲೆ ಅರ್ಧ ಟಾಕಿ ಗಾಳಿ ಇರುತ್ತಿತ್ತು. ಡೀಸೆಲ್ ಇಳಿದಂತೆ ಆ ಗಾಳಿ ಹಿಗ್ಗಿ ಬಹಳ ಹೊತ್ತು ದಾರಿ ಕೊಡುತ್ತಿತ್ತು. ಇನ್ನೊಬ್ಬರ ಹೊಲಕ್ಕೆ ಹೋಗುವಾಗ, ನಡುವೆ ಕೆಲಸ ನಿಲ್ಲಬಾರದೆಂದು ನೀನು ಕಂಠದವರೆಗೆ ತುಂಬಿಕೊಂಡು ಹೋಗುತ್ತಿದ್ದೆ. ತುಂಬಿದ ಟಾಕಿಯಲ್ಲಿ ಹಿಗ್ಗಲು ಗಾಳಿಯೇ ಇಲ್ಲ, ತೂತು ಮುಚ್ಚಿದೆ, ಡೀಸೆಲ್ ಇಳಿಯಲಾರದು. ನಿನ್ನ ಮಷಿನು ನಾಲ್ಕು ಜನರ ಎದುರಿಗೆ ಕೈಕೊಟ್ಟದ್ದು ನೀನು ಅಷ್ಟು ಜತನದಿಂದ ತಯಾರಾಗಿ ಹೋದದ್ದರಿಂದ. ಇದನ್ನು ಭಾನುವಾರವೇ ಸಂಜೆ ಟಾಕಿ ತುಂಬಿ, ತೂತಿನ ಮೇಲೆ ಬೆರಳಿಟ್ಟು, ಬೆರಳು ತೆಗೆದು, ಎರಡೂ ರೀತಿ ಓಡಿಸಿ ನೋಡಿದೆ. ಅವ್ವನಿಗೆ ನಾನು ಆಟವಾಡುತ್ತಿದ್ದೇನೆ ಅನಿಸಿತು.

ಸೋಮವಾರ ಹತ್ತಕ್ಕೆ ಧರೆಪ್ಪ ಟೆಂಪೋ ತೆಗೆದುಕೊಂಡೇ ಬಂದರು. ಮುಕ್ಕಾಲು ತಾಸು ಕೇಳಿದ್ದವರಿಗೆ ಒಂದು ತಾಸು ಓಡಿಸಿ ತೋರಿಸಿದೆವು. ಅವರ ಮುಖ ಅರಳಿತು, ಹಗ್ಗ ಬಿಚ್ಚತೊಡಗಿದರು. ಅಕ್ಕುತಾಯಿ ಕೊಟ್ಟಿಗೆಯ ಬಾಗಿಲಲ್ಲಿ ಸೆಗಣಿ ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿ ತುಂಬಿತ್ತು, ಅವಳು ಕದಲಲಿಲ್ಲ. ನಾನು ಉದ್ದದ ವಿವರಣೆಗೆ ಸಿದ್ಧನಾಗಿದ್ದೆ. ಬಾಯಿಂದ ಬಂದದ್ದು ಮಾತ್ರ ಒಂದೇ ಸಾಲು: "ಮಷಿನ್ ಧಣಿ ಊರಾಗಿಲ್ಲ ಧರೆಪ್ಪಾರ, ಅಂವಾ ಬಂದ ಮ್ಯಾಲ ಕೇಳ್ರಿ." ಅವರು ಹಗ್ಗ ಹಿಡಿದುಕೊಂಡೇ, "ಅಲ್ರಿ ಮಾಸ್ತರ, ಸತ್ತಾಗ ಮಾರತೇನಿ ಅಂದ್ರಿ, ಬದುಕಿದ ಮ್ಯಾಲ ಮಾರಂಗಿಲ್ಲ ಅಂತೀರಿ! ಇದ ಯಾವ ಸಾಲ್ಯಾಗಿನ ಕಾನೂನು?" ಅಂದರು. ಅವ್ವ ಅವರಿಗೆ ಹೋಳಿಗೆ ಕಟ್ಟಿಕೊಟ್ಟು ಸಮಾಧಾನ ಮಾಡಿದಳು. ಬುಟ್ಟಿ ತಿಪ್ಪೆಗೆ ಹೋಯಿತು.

ಮಧ್ಯಾಹ್ನ ಭೀಮಸಿಯೇ ಬಂದ. ಬೆಳಿಗ್ಗೆ ಒಂದು ತಾಸು ನಿಲ್ಲದ ಸದ್ದು ಕೇಳಿ ಬಂದವನು, ಬರುವಾಗ ಹುಡುಗಾಟಕ್ಕೋ ಪರೀಕ್ಷೆಗೋ, ತಾನು ಕಿತ್ತುಹಾಕಿದ ಹಳೆಯ ಸಾಲಿನ ಒಣ ಬಳ್ಳಿಯನ್ನು ಟ್ರೇಲರಿನ ತುಂಬ ಹೇರಿಕೊಂಡು ಬಂದಿದ್ದ. ಡ್ರಮ್ಮು ಕೆರೆದು ಬೆಲ್ಟ್ ಹಾಕಿ ಟಾಕಿ ತುಂಬಿಸಿದೆವು, ಕಂಠದವರೆಗೆ. ಕಡ್ಡಿ ಕೊಡಲು ಅಕ್ಕುತಾಯಿ ನಿಂತಳು. ಬಳೆ ಮೇಲೆ ಸರಿಸಿ ಅರಿವೆ ಸುತ್ತಿದಳು, ಸೆರಗು ಬಿಗಿದು ಕಟ್ಟಿದಳು, ಪ್ರತಿ ಕಡ್ಡಿಯನ್ನೂ ಬುಡ ಮುಂದಾಗಿ ಕೊಟ್ಟು ಕೈ ಹಿಂದಕ್ಕೆ ತೆಗೆದಳು, ನೀನು ಮಾಡುತ್ತಿದ್ದಂತೆಯೇ. ಯಾವಾಗ ನೋಡಿ ಕಲಿತಳೋ. ಭೀಮಸಿ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ನಿಂತ. ಒಂದು ತಾಸು ಹತ್ತು ನಿಮಿಷಕ್ಕೆ ಟ್ರೇಲರ್ ಖಾಲಿಯಾಯಿತು, ಮಷಿನನ್ನು ನಾವೇ ನಿಲ್ಲಿಸಿದೆವು. ಅವನು ಗಡಿಯಾರ ಕಟ್ಟಿಕೊಂಡು, "ಮಾಸ್ತರ, ಇದ ಚಹಾ ಬಿಟ್ಟೈತಿ ಕಾಣತೈತಿ" ಅಂದು ನನ್ನ ಮುಖ ನೋಡಿದ. ಆಮೇಲೆ ಅಕ್ಕುತಾಯಿಯ ಕಡೆ ತಿರುಗಿ, "ತಂಗೀ, ಮಲ್ಲೇಶಗ ಹೇಳ. ಈ ಸಲದ ನನ್ನ ಚಾಟಣಿ ಕಡ್ಡಿಗೆ ನಾ ಬೆಂಕಿ ಹಚ್ಚಂಗಿಲ್ಲ. ಅಂವ ಬರಲಿ" ಅಂದ.

ಇಷ್ಟು ನಡೆದದ್ದು. ಫೋನಿನಲ್ಲಿ ಹೇಳಬೇಡಿ, ಕಾಗದದಲ್ಲಿ ಬರೆಯಿರಿ ಎಂದು ಕೇಳಿದವಳು ಅವಳೇ. ಈಗ ನೇರವಾಗಿಯೇ ಕೇಳುತ್ತಾಳೆ. "ನಂದ ತಪ್ಪ ಅಂತ ಚಂದಂಗ ಬರೀರಿ ಭಾವಾರ. ನಾ ಮುಚ್ಚಿದ್ದಕ್ಕ ಅವರು ಊರ ಬಿಟ್ಟಾರ" ಅಂದಳು. ಎರಡು ವರ್ಷ ನಿನ್ನನ್ನು ಕಾಪಾಡಲೆಂದು ಬಳಿದದ್ದೇ ನಿನ್ನನ್ನು ದೂರ ಕಳಿಸಿತೆಂದು ಅವಳು ಮೂರು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಅವಳು ಹೇಳಿದ್ದನ್ನು ಬರೆದಿದ್ದೇನೆ. ನಾನು ಸೇರಿಸುವುದು ಇಷ್ಟು: ಆ ಹಳದಿಗೆ ನಾವೆಲ್ಲ ಕೈಮುಗಿದೆವು, ಮಿಸ್ತ್ರಿಯೂ ಮುಗಿದ, ನಂಬದ ನಾನೂ ಮುಟ್ಟಲಿಲ್ಲ, ನೀನೂ ಮುಟ್ಟಿರಲಾರೆ. ಅದನ್ನು ಎಬ್ಬಿಸುವ ಧೈರ್ಯ ಬಂದದ್ದು ಬಳಿದ ಕೈಗೇ. ಈ ಉತ್ತರವನ್ನು ನೀನು ನಿನ್ನ ದನಿಯಲ್ಲಿ ಅವಳಿಗೆ ಹೇಳಬೇಕು. ನಮ್ಮ ಚಾಟಣಿ ಅಕ್ಟೋಬರ್ ಹನ್ನೆರಡಕ್ಕೆ. ಪೂಜೆ ನಿಂತಿಲ್ಲ ಎಂದು ಅವ್ವ ಬರೆಯಲು ಹೇಳಿದ್ದಾಳೆ. ಭಂಡಾರ ಇನ್ನು ಮೇಲೆ ಬೆಲ್ಟಿನ ಕವಚಕ್ಕೆ, ಮುಚ್ಚಳಕ್ಕೆ ಅಂಚಿನಲ್ಲಿ ಒಂದು ಬೊಟ್ಟು ಮಾತ್ರ.

ಚಳಿಗೆ ಕಿವಿ ಮುಚ್ಚಿಕೊ. ಅವ್ವನ ಆಶೀರ್ವಾದ ಪತ್ರದ ಜೊತೆ ಹೊರಟಿದೆ, ಜೋರಾಗಿ. ಬಹುಶಃ ಅಂಚೆಗಿಂತ ಮೊದಲೇ ಮುಟ್ಟೀತು. ನನ್ನದೂ ಇದೆ. ನನ್ನದು ಯಾವಾಗಲೂ ಸದ್ದಿಲ್ಲದೆ ಇರುತ್ತದೆ, ಇತ್ತು ಎಂದು ತಿಳಿದುಕೊ.

ನಿನ್ನ ಅಣ್ಣ,
ರಾಜಾರಾಮ

ಮರೆತದ್ದು: ಒಳಗೆ ಕಾಗದದಲ್ಲಿ ಮಡಿಸಿಟ್ಟ ಹಳದಿ ಚಕ್ಕೆ ಅದೇ. ಒಡೆಯದಂತೆ ತೆಗೆ. ಅಕ್ಕುತಾಯಿ ಕಳಿಸಿದ್ದು.

ಇನ್ನೊಂದು. ಅವಸರದಲ್ಲಿ ಬರೆಯುತ್ತಿದ್ದೇನೆ, ನಿಧಾನ ಮಾಡಿದರೆ ಬರೆಯಲಾರೆ. 'ಚಹಾ ಮಷಿನ್' ಎಂಬ ಹೆಸರು ಭೀಮಸಿಯದಲ್ಲ. ಆ ದಿನ ಅವನ ಪಡದ ಬದುವಿನಲ್ಲಿ ನೀನು ಹ್ಯಾಂಡಲ್ ಹೊಡೆಯುವುದನ್ನು ನೋಡುತ್ತ ನಿಂತಾಗ ನಾನು ಅವನ ಕಿವಿಯಲ್ಲಿ ಅಂದದ್ದು. ಮಾತು ಚೆನ್ನಾಗಿದೆ ಅನಿಸಿತ್ತು. ಅವನು ಜೋರಾಗಿ ಹೇಳಿದ, ಎರಡು ವರ್ಷ ಅದು ಅವನ ಹೆಸರಿನಲ್ಲೇ ಉಳಿಯಿತು, ಅವನು ಒಮ್ಮೆಯೂ ನನ್ನನ್ನು ಬಿಟ್ಟುಕೊಡಲಿಲ್ಲ. ಅಕ್ಕುತಾಯಿ ತನ್ನದನ್ನು ಎಲ್ಲರ ಎದುರಿಗೆ ನಿಂತು ಹೇಳಿದಳು. ನಾನು ನನ್ನದನ್ನು ಇಷ್ಟು ದೂರದಿಂದ, ಸಹಿಯ ಕೆಳಗೆ ಹೇಳುತ್ತಿದ್ದೇನೆ. ಸಾಲದು. ಲಕೋಟೆ ಅಂಟಿಸುವ ಮೊದಲು ಇದನ್ನು ಅಂಗಳಕ್ಕೆ ಹೋಗಿ ಅವಳಿಗೆ, ಅವ್ವನಿಗೆ ಓದಿ ಹೇಳುತ್ತೇನೆ.

ಓದಿದೆ. ಅಕ್ಕುತಾಯಿ ಎಮ್ಮೆಯ ಕರುವಿಗೆ ಹಾಲು ಬಿಡುತ್ತಿದ್ದವಳು ತಲೆ ಎತ್ತದೆ ಅಂದಳು: "ಗೊತ್ತಿತ್ರಿ ಭಾವಾರ. ಅವರಿಗೂ ಗೊತ್ತೈತಿ."